ಮೋಡಕ್ಕೇರಿದ ಟೆಲಿಫೋನು

ಹೊಸದೊಂದು ಸಾಧನಕ್ಕೆ ಇಡುವ ಹೆಸರು ಅದರ ಗುಣವನ್ನು ತಿಳಿಸಬೇಕು. ಕಡೆಯ ಪಕ್ಷ ಅದನ್ನು ಮರೆಮಾಡಬಾರದು. ‘ಕ್ಲೌಡ್’ ಎಂಬ ಹೆಸರಿನ ದೋಷ ಇದೇ. ಅಂಗಡಿಯ ಟೆಲಿಫೋನುಗಳನ್ನು ಕ್ಲೌಡಿಗೆ, ಎಂದರೆ ಮೋಡಕ್ಕೆ, ಏರಿಸಿಕೊಡುತ್ತೇವೆ ಎನ್ನುವ ಮಾರಾಟಗಾರರು ಈಚೆಗೆ ಸಣ್ಣ ಊರುಗಳಿಗೂ ಬರುತ್ತಿದ್ದಾರೆ. ಕೇಳಿದವರಿಗೆ ತಂತಿ, ಪೆಟ್ಟಿಗೆ, ಬ್ಯಾಟರಿ ಇವಾವುವೂ ಬೇಡವಾಗಿ ಮಾತು ತಾನೇ ತಾನಾಗಿ ಆಕಾಶದಲ್ಲಿ ತೇಲಿಹೋಗುವುದೆಂಬ ಭಾವನೆ ಬಂದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಅಲ್ಲಿ ಮೋಡವೂ ಇಲ್ಲ, ಆಕಾಶವೂ ಇಲ್ಲ. ಮುಂಬಯಿಯಲ್ಲೋ ಚೆನ್ನೈಯಲ್ಲೋ ಇನ್ನೊಬ್ಬರಿಗೆ ಸೇರಿದ ಒಂದು ಕಟ್ಟಡ. ಅದರೊಳಗೆ ಸದಾ ತಣ್ಣಗಿಟ್ಟಿರುವ ಕೊಠಡಿ. ಅಲ್ಲಿನ ಗಣಕಯಂತ್ರಗಳಲ್ಲಿ ತಂತ್ರಾಂಶದ ರೂಪವನ್ನು ತಾಳಿ ಕೆಲಸ ಮಾಡುತ್ತಿರುವ ಒಂದು ಟೆಲಿಫೋನ್ ಎಕ್ಸ್‌ಚೇಂಜು. ಇಷ್ಟೇ ಈ ಮೋಡ. ನಮಗೂ ಅದಕ್ಕೂ ನಡುವೆ ತಂತಿ ಇದ್ದೇ ಇದೆ.

ಸಣ್ಣ ವ್ಯಾಪಾರಿ ಈ ಏರ್ಪಾಟನ್ನು ಬೇಡವೆನ್ನಬೇಕಾಗಿಲ್ಲ. ಆದರೆ ತಾನು ಕೊಳ್ಳುತ್ತಿರುವುದು ಪರರ ಮನೆಯಲ್ಲಿರುವ ಎಕ್ಸ್‌ಚೇಂಜನ್ನು ಎಂದು ತಿಳಿದು ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ತಿಳಿದವನು ಕೇಳುವ ಪ್ರಶ್ನೆಗಳೇ ಬೇರೆ.

ಎಕ್ಸ್‌ಚೇಂಜಿನ ಕೀಲಿ ಯಾರ ಕೈಯಲ್ಲಿದೆ ಎಂಬ ಚಿಂತೆ ಹೊಸದಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯ ಆಲ್ಮನ್ ಸ್ಟ್ರೋಜರ್ ಎಂಬಾತ ಶವಸಂಸ್ಕಾರದ ಏರ್ಪಾಟುಗಳನ್ನು ಮಾಡಿಕೊಟ್ಟು ಜೀವಿಸುತ್ತಿದ್ದ ಸಣ್ಣ ವ್ಯಾಪಾರಿ. ಆ ಕಾಲದಲ್ಲಿ ಕರೆ ಮಾಡುವವರು ಎಕ್ಸ್‌ಚೇಂಜಿನ ಆಪರೇಟರಿಗೆ ಹೆಸರು ಹೇಳಬೇಕು. ಆಕೆ ಕೈಯಿಂದ ತಂತಿ ಸಿಕ್ಕಿಸಬೇಕು. ತನಗೆ ಬರಬೇಕಾದ ಕರೆಗಳು ಎದುರಾಳಿಯ ಅಂಗಡಿಗೆ ಹೋಗುತ್ತಿವೆ ಎಂಬ ಗುಮಾನಿ ಸ್ಟ್ರೋಜರನಿಗೆ ಹುಟ್ಟಿತು. ಆ ಆಪರೇಟರು ಎದುರಾಳಿಯ ಹೆಂಡತಿಯೇ ಆಗಿದ್ದಳೆಂದು ಕಥೆ ಹೇಳುವುದುಂಟು. ಕಥೆಯ ನಿಜ ಏನೇ ಇರಲಿ, ಮನುಷ್ಯರ ಕೈ ಸೋಕದೆ ಕರೆಯನ್ನು ಜೋಡಿಸುವ ಯಂತ್ರಕ್ಕೆ ಆತ 1891ರಲ್ಲಿ ಪೇಟೆಂಟ್ ಪಡೆದದ್ದು ನಿಜ. ಮರುವರ್ಷ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ ಅಂಥ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜು ಕೆಲಸಕ್ಕೆ ತೊಡಗಿತು. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯೂ ಬಹುಕಾಲ ಸ್ಟ್ರೋಜರನ ಹೆಸರಿನ ಎಕ್ಸ್‌ಚೇಂಜುಗಳನ್ನೇ ತಯಾರಿಸಿತು. ಒಬ್ಬ ಅಂಗಡಿಯವನ ಸಂಶಯ ಲೋಕಕ್ಕೆಲ್ಲ ಉಪಕಾರವಾದದ್ದು ಹೀಗೆ.

ನಮ್ಮ ನಾಡಿನ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಡಬಹುದು. ಭಾರತ ಸರ್ಕಾರ 1984ರಲ್ಲಿ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು 128 ಸಂಪರ್ಕಗಳ ಒಂದು ಸಣ್ಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜನ್ನು ರೂಪಿಸಿತು. ಅದಕ್ಕೆ ಹವಾನಿಯಂತ್ರಣದ ಕೊಠಡಿ ಬೇಡ. ನಮ್ಮ ಸೆಕೆಯನ್ನೂ ಧೂಳನ್ನೂ ಅದು ತಡೆಯಬಲ್ಲದು. ಅಂಥ ಮೊದಲನೆಯದನ್ನು 1986ರಲ್ಲಿ ನಿಲ್ಲಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಊರಿನೊಳಗಿನ ಮಾತನ್ನು ಊರಿನಲ್ಲಿಯೇ ಜೋಡಿಸುವ ಯಂತ್ರ ಊರಿಗೇ ಬಂದಿತು. ಇಂದಿನ ಕ್ಲೌಡ್ ಏರ್ಪಾಟಿನಲ್ಲಿ ನಡೆಯುವುದು ಇದರ ವಿಪರ್ಯಾಸ. ಕಿತ್ತೂರಿನ ಒಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿಯಿಂದ ಹಿಂದಿನ ಗೋದಾಮಿಗೆ, ಹತ್ತು ಮೀಟರು ದೂರಕ್ಕೆ, ಕರೆ ಮಾಡಿದರೂ ‘ಇವರನ್ನು ಅವರಿಗೆ ಜೋಡಿಸು’ ಎಂಬ ಆಜ್ಞೆ ಮುಂಬಯಿಗೆ ಹೋಗಿ ಬರಬೇಕು. ಕೆಲವು ವ್ಯವಸ್ಥೆಗಳಲ್ಲಿ ಆಜ್ಞೆಯಾದ ಮೇಲೆ ಮಾತು ನೇರವಾಗಿ ಹರಿಯುತ್ತದೆ. ಅನೇಕವುಗಳಲ್ಲಿ ಮಾತೂ ಅಲ್ಲಿಗೇ ಹೋಗಿ ಬರುತ್ತದೆ.

ಇದರಿಂದ ಮಾತು ತಡವಾಗುವುದಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಮುಂಬಯಿಗೆ 500 ಕಿಲೋಮೀಟರು ಎಂದಿಟ್ಟುಕೊಂಡರೆ ಹೋಗಲು ಎರಡೂವರೆ ಮಿಲಿಸೆಕೆಂಡು, ಹೋಗಿ ಬರಲು ಐದು. ಮಾತುಕತೆ ಸಹಜವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡನ್ನು ಮೀರದಿದ್ದರೆ ಒಳ್ಳೆಯದೆಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸೂಚನೆ. ಇದರ ಮುಂದೆ ಐದು ಎಷ್ಟರದು? ದೂರವು ಶತ್ರುವಲ್ಲ. ಶತ್ರು ಇರುವುದು ಅಂಗಡಿಯ ಮೂಲೆಯಲ್ಲಿಯೇ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ರೂಟರ್ ಪೆಟ್ಟಿಗೆಯಲ್ಲಿ.

ಮಾತು ಆ ಪೆಟ್ಟಿಗೆಯನ್ನು ದಾಟುವ ಬಗೆ ಇದು. ಟೆಲಿಫೋನಿಗೆ ಸಾಲುವ ಧ್ವನಿ ಸೆಕೆಂಡಿಗೆ 300ರಿಂದ 3400 ಕಂಪನಗಳ ಮೇರೆಯೊಳಗಿರುತ್ತದೆ. ಆ ಅಲೆಯ ಎತ್ತರವನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 8 ಬಿಟ್‌ಗಳ ಒಂದು ಬೈಟಿನಲ್ಲಿ ಬರೆಯುತ್ತಾರೆ. 1972ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಈ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಹೀಗೆ ಬಂದ ಸಂಖ್ಯೆಗಳನ್ನು 20 ಮಿಲಿಸೆಕೆಂಡಿಗೊಂದರಂತೆ ಪೊಟ್ಟಣ ಕಟ್ಟುತ್ತಾರೆ. ಒಂದು ಪೊಟ್ಟಣದಲ್ಲಿ ಧ್ವನಿ 160 ಬೈಟು; ಮೇಲಿನ ವಿಳಾಸ, ಕ್ರಮಸಂಖ್ಯೆ ಮುಂತಾದವು 40 ಬೈಟು. ಸೆಕೆಂಡಿಗೆ 50 ಪೊಟ್ಟಣ ಎಂದಮೇಲೆ ಒಂದು ಕರೆಗೆ 80,000 ಬಿಟ್‌ಗಳಾದವು. ಏಕಕಾಲದಲ್ಲಿ ಐದು ಕರೆಗಳು ನಡೆದರೂ 4 ಲಕ್ಷ ಬಿಟ್ ಮಾತ್ರ. ಅಂಗಡಿಯ ಸಂಪರ್ಕ ಸೆಕೆಂಡಿಗೆ 40 ಲಕ್ಷ ಬಿಟ್‌ಗಳನ್ನು ಹೊರಕ್ಕೆ ಕಳುಹಿಸಬಲ್ಲುದಾದರೆ ಅದರ ಹತ್ತನೆಯ ಒಂದು ಭಾಗ ಸಾಕೆಂದಾಯಿತು.

ಹೀಗಿದ್ದೂ ಮಾತು ತುಂಡುತುಂಡಾಗಿ ಕೇಳುವುದೇಕೆ? ಕರೆ ನಡೆಯುತ್ತಿರುವಾಗಲೇ ಯಾರೋ ಒಬ್ಬರು ದಾಸ್ತಾನಿನ ಫೋಟೋಗಳನ್ನು ಕಳುಹಿಸತೊಡಗಿದರೆಂದು ಭಾವಿಸಿರಿ. ಅವು ರೂಟರಿನ ಬಾಗಿಲಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಆ ಸಾಲಿನಲ್ಲಿ 5 ಲಕ್ಷ ಬೈಟು, ಎಂದರೆ 40 ಲಕ್ಷ ಬಿಟ್, ಸೇರಿದರೆ ಅದು ಕರಗಲು ಪೂರ್ತಿ ಒಂದು ಸೆಕೆಂಡು ಹಿಡಿಯುತ್ತದೆ. ಧ್ವನಿಯ ಸಣ್ಣ ಪೊಟ್ಟಣವೂ ಅದೇ ಸಾಲಿನ ಹಿಂದೆ ನಿಲ್ಲಬೇಕು. ಫೋಟೋ ಒಂದು ಸೆಕೆಂಡು ತಡವಾದರೆ ಯಾರಿಗೂ ನಷ್ಟವಿಲ್ಲ. ಧ್ವನಿ ತಡವಾದರೆ ಅದು ಮದುವೆ ಮುಗಿದ ಮೇಲೆ ಕೈಸೇರಿದ ಲಗ್ನಪತ್ರಿಕೆ. ಕೇಳುವ ಕಡೆಯ ಯಂತ್ರ ಅದನ್ನು ಎಸೆದುಬಿಡುತ್ತದೆ.

ಇಲ್ಲಿ ಮಾರಾಟಗಾರರು ಕೊಡುವ ಔಷಧಿಯನ್ನು ನಾನು ಒಪ್ಪಲಾರೆ. ‘ಇನ್ನೂ ಹೆಚ್ಚಿನ ವೇಗದ ಸಂಪರ್ಕವನ್ನು ಕೊಳ್ಳಿ’ ಎನ್ನುತ್ತಾರೆ. ವೇಗ ಹೆಚ್ಚಿದಂತೆ ಸಾಲು ಬೇಗ ಕರಗುವುದೇನೋ ಹೌದು. ಆದರೆ ಬಾಗಿಲಿನಲ್ಲಿ ಸಾಲನ್ನು ನೋಡಿಕೊಳ್ಳುವವರಿಲ್ಲದಿದ್ದರೆ ದೊಡ್ಡ ಕಡತವೊಂದು ಬಂದಾಗ ಮತ್ತೆ ಅದೇ ಕಥೆ. ನಿಜವಾದ ಪರಿಹಾರ ಎರಡು ಸಣ್ಣ ಕೆಲಸಗಳಲ್ಲಿದೆ. ಧ್ವನಿಯ ಪೊಟ್ಟಣಗಳನ್ನು ಮೊದಲು ಬಿಡುವಂತೆ ರೂಟರಿಗೆ ಹೇಳಿಕೊಡಬೇಕು. ಹೊರಹೋಗುವ ಹರಿವನ್ನು ಸಂಪರ್ಕದ ನಿಜವಾದ ಶಕ್ತಿಗಿಂತ ತುಸು ಕಡಿಮೆಗೆ ಕಟ್ಟಿಹಾಕಬೇಕು. ಎರಡನೆಯದು ವಿಚಿತ್ರವಾಗಿ ಕಾಣಬಹುದು. ಹಾಗೆ ಮಾಡಿದಾಗ ಸಾಲು ನಮ್ಮ ಆಜ್ಞೆಯಲ್ಲಿರುವ ಪೆಟ್ಟಿಗೆಯಲ್ಲಿಯೇ ನಿಲ್ಲುತ್ತದೆ, ನಮ್ಮ ಮಾತು ಕೇಳದ ಮುಂದಿನ ಪೆಟ್ಟಿಗೆಯಲ್ಲಿ ಅಲ್ಲ. ಇದಕ್ಕೆ ಬೇಕಾದ ಖರ್ಚು ಒಂದು ಮಧ್ಯಾಹ್ನದ ಶ್ರಮ. ಮಾರಾಟ ಮಾಡಲು ಇದರಲ್ಲಿ ಏನೂ ಇಲ್ಲವಾದ್ದರಿಂದಲೇ ಇದನ್ನು ಹೇಳುವವರೂ ಕಡಮೆ.

ಇನ್ನು ವಿದ್ಯುತ್ತಿನ ಮಾತು. ಹಳೆಯ ಟೆಲಿಫೋನಿಗೆ ಬೇಕಾದ ಸುಮಾರು 48 ವೋಲ್ಟುಗಳ ವಿದ್ಯುತ್ತು ಮಾತಿನೊಡನೆ ಅದೇ ತಾಮ್ರದ ತಂತಿಯಲ್ಲಿ, ಎಕ್ಸ್‌ಚೇಂಜಿನ ಬ್ಯಾಟರಿಗಳಿಂದಲೇ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಟೆಲಿಫೋನು ಜೀವಂತವಾಗಿರುತ್ತಿದ್ದುದರ ಗುಟ್ಟು ಇದು. ಗಾಜಿನ ಎಳೆ ಬೆಳಕನ್ನು ತರುತ್ತದೆ, ವಿದ್ಯುತ್ತನ್ನು ತರುವುದಿಲ್ಲ. ಬ್ರಿಟನ್ನಿನವರು ತಮ್ಮ ಹಳೆಯ ಟೆಲಿಫೋನು ಜಾಲವನ್ನು 2025ರ ಕೊನೆಗೆ ಮುಚ್ಚಬೇಕೆಂದಿದ್ದರು. 2024ರಲ್ಲಿ ಆ ಗಡುವನ್ನು 2027ರ ಜನವರಿ 31ಕ್ಕೆ ಮುಂದೂಡಿದರು. ಒಂಟಿಯಾಗಿರುವ ವೃದ್ಧರು ಅಪಾಯದಲ್ಲಿ ಒತ್ತುವ ಕರೆಗುಂಡಿಗಳು ಹೊಸ ಸಂಪರ್ಕದಲ್ಲಿ ಕೆಲಸ ಮಾಡದೆ ಹೋದ ಪ್ರಸಂಗಗಳು ಅಲ್ಲಿ ದೊಡ್ಡ ಕಳವಳಕ್ಕೆ ಕಾರಣವಾಗಿದ್ದವು. ಮನೆಯ ಟೆಲಿಫೋನನ್ನೇ ನಂಬಿದವರು ವಿದ್ಯುತ್ತು ಹೋದಾಗಲೂ ಕನಿಷ್ಠ ಒಂದು ಗಂಟೆ ಕಾಲ ತುರ್ತು ಕರೆ ಮಾಡುವಂತಿರಬೇಕು ಎಂಬುದು ಅಲ್ಲಿನ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಂ ಕೊಟ್ಟಿರುವ ಸೂಚನೆ. ನಮ್ಮ ಸಣ್ಣ ನರ್ಸಿಂಗ್ ಹೋಮ್‌ಗಳೂ ಔಷಧದ ಅಂಗಡಿಗಳೂ ಇದನ್ನು ತಮಗೇ ಹೇಳಿದ ಮಾತೆಂದು ತಿಳಿಯಬೇಕು.

ಭಯಪಡುವಷ್ಟು ದೊಡ್ಡ ವೆಚ್ಚವೇನೂ ಇದಲ್ಲ. ರೂಟರಿಗೆ 12 ವಾಟು, ಮೂರು ಟೆಲಿಫೋನುಗಳಿಗೆ ನಾಲ್ಕು ನಾಲ್ಕು ವಾಟು ಎಂದು ಹಿಡಿದರೆ ಒಟ್ಟು 24. ಹನ್ನೆರಡು ವೋಲ್ಟಿನ 7 ಆಂಪಿಯರ್-ಗಂಟೆಯ ಸಾಮಾನ್ಯ ಬ್ಯಾಟರಿಯಲ್ಲಿರುವುದು 84 ವಾಟ್-ಗಂಟೆ. ಪುಸ್ತಕದ ಲೆಕ್ಕದಲ್ಲಿ ಮೂರೂವರೆ ಗಂಟೆ. ಬ್ಯಾಟರಿಯ ವಯಸ್ಸು, ಪರಿವರ್ತನೆಯ ನಷ್ಟ ಇವನ್ನೆಲ್ಲ ಕಳೆದರೂ ಎರಡು ಗಂಟೆಗೆ ಮೋಸವಿಲ್ಲ. ಅದಕ್ಕೆ ಫ್ಯಾನನ್ನೂ ಸಿಕ್ಕಿಸದಿದ್ದರೆ ಸರಿ.

ನಾನು ಬಲ್ಲ ಒಂದು ಮೋಟಾರು ವೈಂಡಿಂಗ್ ಅಂಗಡಿಯವರು ಕಳೆದ ಬೇಸಿಗೆಗೆ ಮುಂಚೆ ಈ ಏರ್ಪಾಟಿಗೆ ಬಂದರು. ಅವರ ಹಳೆಯ ಇಂಟರ್‌ಕಾಂ ಪೆಟ್ಟಿಗೆ ಗುಡುಗು ಸಿಡಿಲಿಗೆ ಎರಡು ಸಲ ಸುಟ್ಟಿತ್ತು. ರಿಪೇರಿಯವರು ಬರಬೇಕಾದರೆ ಜಿಲ್ಲಾ ಕೇಂದ್ರದಿಂದ. ಫೆಬ್ರವರಿಯಿಂದ ಮೇ ವರೆಗೆ ರೈತರ ಪಂಪ್‌ಸೆಟ್ಟುಗಳು ಸುಡುವ ಕಾಲ. ಬೆಳೆ ಒಣಗುತ್ತಿರುವ ರೈತನು ಒಂದು ಸಂಖ್ಯೆಗೆ ಎರಡು ಸಲ ಕರೆ ಮಾಡಿಯಾನು, ಮೂರನೆಯದು ಪಕ್ಕದ ಅಂಗಡಿಗೆ. ಈಗ ಬಂದ ಕರೆ ಮೊದಲು ಗಲ್ಲದ ಬಳಿ, ನಾಲ್ಕು ಗಂಟೆಗಳಾದ ಮೇಲೆ ಕೆಲಸದ ಮನೆಯಲ್ಲಿ, ಅಲ್ಲಿಯೂ ಎತ್ತದಿದ್ದರೆ ಹೊಲಕ್ಕೆ ಹೋದ ಮೆಕ್ಯಾನಿಕ್ಕಿನ ಮೊಬೈಲಿನಲ್ಲಿ ಮೊಳಗುತ್ತದೆ. ಅಂಗಡಿಯ ವಿದ್ಯುತ್ತು, ಸಂಪರ್ಕ ಎರಡೂ ಸತ್ತರೆ ದೂರದ ಎಕ್ಸ್‌ಚೇಂಜು ಅದನ್ನು ಗಮನಿಸಿ ಕರೆಯನ್ನು ತಾನಾಗಿಯೇ ಮೊಬೈಲಿಗೆ ತಿರುಗಿಸುತ್ತದೆ. ಇದು ಹಳೆಯ ತಾಮ್ರದ ತಂತಿಗೆ ಇಲ್ಲದಿದ್ದ ಗುಣ. ಎಕ್ಸ್‌ಚೇಂಜು ಅಂಗಡಿಯಿಂದ ದೂರದಲ್ಲಿದ್ದರ ಲಾಭ ಇಲ್ಲಿದೆ ಎಂದು ಒಪ್ಪಲೇಬೇಕು. ‘ಮಾರಾಟಕ್ಕೆ ಒಂದನ್ನು ಒತ್ತಿ, ದುರಸ್ತಿಗೆ ಎರಡನ್ನು ಒತ್ತಿ’ ಎಂಬ ಪಾಠವನ್ನು ಮಾತ್ರ ಅವರು ಬೇಡವೆಂದರು. ಐದು ಜನರ ಅಂಗಡಿಗೆ ಆ ದರ್ಬಾರು ಏಕೆ? ವಿದೇಶದ ಕರೆಗಳನ್ನು ಪೂರ್ತಿಯಾಗಿ ಮುಚ್ಚಿಸಿದ್ದೂ ಜಾಣತನವೇ. ಸುಲಭವಾದ ಗುಪ್ತಪದವನ್ನು ಊಹಿಸಿ ಒಳನುಗ್ಗಿ, ರಾತ್ರಿಯೆಲ್ಲ ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆ ಹರಿಸಿ ಬಿಲ್ಲನ್ನು ಒಡೆಯನ ತಲೆಗೆ ಕಟ್ಟುವ ಕಳ್ಳರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಆದರೆ ಅವರ ನಿಜವಾದ ಆಸ್ತಿ ಇರುವುದು ಟೆಲಿಫೋನಿನಲ್ಲಿ ಅಲ್ಲ, ಸಂಖ್ಯೆಯಲ್ಲಿ. ಸುತ್ತಿನ ಹಳ್ಳಿಗಳ ಪಂಪಿನ ಮನೆಗಳ ಗೋಡೆಗಳ ಮೇಲೆ, ಸೇತುವೆಯ ಕಟ್ಟೆಗಳ ಮೇಲೆ ಬಣ್ಣದಲ್ಲಿ ಬರೆಸಿದ ಸಂಖ್ಯೆ ಅದು. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಾಯಿಸುವ ಸೌಕರ್ಯ ನಮ್ಮ ದೇಶದಾದ್ಯಂತ 2011ರ ಜನವರಿಯಲ್ಲಿ ಬಂದಿತು. ಕ್ಲೌಡ್ ಸೇವೆಯವರು ತಾವಾಗಿ ಕೊಡುವ ಹೊಸ ಸಂಖ್ಯೆಗೂ ಇದು ಅನ್ವಯಿಸುವುದೆಂದು ಭಾವಿಸಿ ಕೂರಬಾರದು. ಸೇವೆಯನ್ನು ಬಿಟ್ಟ ದಿನ ಆ ಸಂಖ್ಯೆ ಅವರಲ್ಲಿಯೇ ಉಳಿದರೆ, ಗೋಡೆಗಳ ಮೇಲಿನ ಬಣ್ಣವೆಲ್ಲ ವ್ಯರ್ಥ. ಮುಂದೆ ಅದನ್ನು ಯಾರಿಗೆ ಕೊಟ್ಟರೆ ಕರೆಗಳು ಅವರಿಗೆ. ಸ್ಟ್ರೋಜರನ ಗುಮಾನಿ ಇಲ್ಲಿ ಮತ್ತೆ ತಲೆಯೆತ್ತುತ್ತದೆ. ಈ ಬಾರಿ ಯಾರ ದುರುದ್ದೇಶವೂ ಇಲ್ಲದೆ, ಬರಿಯ ಕರಾರುಪತ್ರದ ಒಂದು ವಾಕ್ಯದಿಂದ. ಈ ಅಂಗಡಿಯವರು ತಮ್ಮ ಹಳೆಯ ಮೊಬೈಲ್ ಸಂಖ್ಯೆಯನ್ನು ತಮ್ಮ ಹೆಸರಿನಲ್ಲಿಯೇ ಇರಿಸಿಕೊಂಡು, ಅದಕ್ಕೆ ಬಂದ ಕರೆಯನ್ನು ಹೊಸ ಎಕ್ಸ್‌ಚೇಂಜಿಗೆ ಕಳುಹಿಸುವಂತೆ ಮಾಡಿದ್ದಾರೆ. ಗೋಡೆಗಳನ್ನು ಮತ್ತೆ ಬರೆಸಲಿಲ್ಲ.

ಈ ಅಂಕಣದ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಇಂಥ ಅಂಗಡಿಗಳಿರಬಹುದು. ಕರಾರಿಗೆ ರುಜು ಹಾಕುವ ಮುನ್ನ ಮಾಡಬಹುದಾದ ಪರೀಕ್ಷೆಗಳು ಅವರ ಕೈಗೆಟಕುವಂಥವೇ. ಅಂಗಡಿಯ ಗಣಕದಲ್ಲಿ ‘ಪಿಂಗ್’ ಎಂಬ ಆಜ್ಞೆಯನ್ನು ಕೊಟ್ಟರೆ, ದೂರದ ಯಂತ್ರವೊಂದಕ್ಕೆ ಪೊಟ್ಟಣ ಹೋಗಿ ಬರಲು ಹಿಡಿದ ಕಾಲ ಮಿಲಿಸೆಕೆಂಡುಗಳಲ್ಲಿ ಕಾಣುತ್ತದೆ. ಯಾರೂ ಏನನ್ನೂ ಕಳುಹಿಸದಿರುವಾಗ ನೂರು ಸಲ ಅಳೆದು ಬರೆದುಕೊಳ್ಳಿರಿ. ಅನಂತರ ಒಂದು ದೊಡ್ಡ ವೀಡಿಯೋವನ್ನು ಹೊರಗೆ ಕಳುಹಿಸಲು ಹಚ್ಚಿ ಮತ್ತೆ ನೂರು ಸಲ ಅಳೆಯಿರಿ. ಮೊದಲನೆಯದು 30 ಇದ್ದು ಎರಡನೆಯದು 800 ಆದರೆ ದೋಷ ಎಲ್ಲಿದೆಯೆಂದು ಹೇಳಬೇಕಾಗಿಲ್ಲ. ಸೇವೆಯವರು ಪ್ರಯೋಗಕ್ಕೆಂದು ಕೆಲವು ದಿನ ಸಂಪರ್ಕ ಕೊಟ್ಟಾಗ, ವ್ಯಾಪಾರ ಜೋರಾಗಿರುವ ಹೊತ್ತಿನಲ್ಲಿ ಅಂಗಡಿಯ ಮೈನ್ ಸ್ವಿಚ್ಚನ್ನು ಆರಿಸಿ, ರಸ್ತೆಯ ಆಚೆ ನಿಂತು ಅಂಗಡಿಗೆ ಕರೆ ಮಾಡಿ ನೋಡಿರಿ. ಯಾರ ಟೆಲಿಫೋನು, ಎಷ್ಟು ಸೆಕೆಂಡುಗಳ ಮೇಲೆ ಮೊಳಗಿತು ಎಂಬುದನ್ನು ಗಡಿಯಾರ ಹಿಡಿದು ಬರೆದುಕೊಳ್ಳಿರಿ. ತುರ್ತಿನ 112ಕ್ಕೆ ಈ ಟೆಲಿಫೋನಿನಿಂದ ಕರೆ ಹೋಗುವುದೆ, ಹೋದರೆ ಯಾವ ಊರಿನ ವಿಳಾಸ ಅವರಿಗೆ ಕಾಣುವುದು ಎಂಬುದನ್ನು ಮಾತ್ರ ಪ್ರಯೋಗ ಮಾಡಿ ನೋಡಬಾರದು. ಸೇವೆಯವರಿಂದ ಕಾಗದದ ಮೇಲೆ ಬರೆಸಿಕೊಳ್ಳಬೇಕು.