ಸೂಜಿ ಚೀಲ ಶಾಲೆ ಹಿಂದೆ ಯಾಕೆ ಬಿತ್ತು?

ನಮ್ಮ ಕಡೆ ಒಂದು ಆರೋಗ್ಯ ಶಿಬಿರ ನಡೆಯಿತು. ಜನ ಸೇರಲಿ ಅಂತ ನನ್ನನ್ನು ಪದ ಹೇಳೋಕೆ ಕರೆದಿದ್ದರು. ತಮಟೆ ಹಿಡಿದು ಹೋದೆ, ಹಾಡಿದೆ, ಚಿತ್ರಾನ್ನ ತಿಂದು ಮನೆಗೆ ಬಂದೆ. ಮಾರನೇ ದಿನ ದನ ಹೊಡ್ಕೊಂಡು ಶಾಲೆ ಹಿಂದೆ ಹೋದರೆ, ಅವರು ಬಿಟ್ಟುಹೋದ ಚೀಲವನ್ನು ನಾಯಿ ಎಳೆದು ಹರಿದಿತ್ತು. ಇಬ್ಬರು ಹುಡುಗರು ಸಿರಿಂಜಿಗೆ ನೀರು ತುಂಬಿ ಒಬ್ಬರ ಮೇಲೊಬ್ಬರು ಚಿಮ್ಮಿಸ್ತಾ ಇದ್ದರು. ಒಬ್ಬನ ಜೇಬಲ್ಲಿ ಅರ್ಧ ಔಷಧಿ ಉಳಿದ ಸೀಸೆ. ಅದು ಯಾವ ಔಷಧಿ ಅಂತ ನನ್ನ ಏಳನೇ ಕ್ಲಾಸಿನ ಓದಿಗೆ ತಿಳೀಲಿಲ್ಲ.

ಕೇಳಿದರೆ, “ಯಜಮಾನ್ರೇ, ಸಣ್ಣ ಕ್ಯಾಂಪು ಇದು, ದೊಡ್ಡಾಸ್ಪತ್ರೆ ರೂಲ್ಸು ಇಲ್ಲಿಗೆ ಬರಲ್ಲ” ಅಂದರು. ಸುಳ್ಳು! ನಮ್ಮ ಮೇಷ್ಟ್ರು ನಿಯಮ ತರಿಸಿ ಓದಿ ಹೇಳಿದರು. ಕೇಂದ್ರ ಸರ್ಕಾರದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಆರೋಗ್ಯ ಶಿಬಿರ, ರಕ್ತದಾನ ಶಿಬಿರ, ದನದ ಆಸ್ಪತ್ರೆ, ಕಡೆಗೆ ಶಾಲೆಯ ಪ್ರಥಮ ಚಿಕಿತ್ಸೆ ಕೋಣೆಯೂ ಸೇರಿದೆ. ಉಳಿದ ಔಷಧಿ, ತಾರೀಖು ಮುಗಿದ ಔಷಧಿ ಹಳದಿ ಚೀಲಕ್ಕೆ. ಸೂಜಿ ತೂತು ಬೀಳದ ಬಿಳಿ ಡಬ್ಬಿಗೆ. ಕಸ ಎತ್ತುವವರಿಗೆ ಗ್ಲೌಸು ಕೊಡಬೇಕು, ಕಾಮಾಲೆ ಬರದಂತೆ ಹೆಪಟೈಟಿಸ್-ಬಿ ಲಸಿಕೆ ಹಾಕಿಸಬೇಕು. ನಮ್ಮೂರಲ್ಲಿ ಆ ಚೀಲ ಎತ್ತಿದ ಹೆಣ್ಣುಮಗಳು ಸೆರಗಲ್ಲಿ ಕೈ ಸುತ್ತಿಕೊಂಡಿದ್ದಳು.

“ಸುಟ್ಟರಾಯ್ತು” ಅನ್ನೋರಿದ್ದಾರೆ. ಕ್ಯಾನ್ಸರ್ ಔಷಧಿ ಸುಡೋಕೆ 1200 ಡಿಗ್ರಿಗಿಂತ ಮೇಲಿನ ಕಾವು ಬೇಕಂತೆ. ತಿಪ್ಪೆಗೆ ಹಚ್ಚಿದ ಬೆಂಕಿಗೆ ಎಲ್ಲಿಂದ ಬರಬೇಕು ಅಷ್ಟು ಕಾವು? ಹೊಗೆ ಕುಡಿಯೋರು ನಾವು. “ಹೂತರಾಯ್ತು” ಅನ್ನೋರಿಗೆ, ಪಕ್ಕದಲ್ಲೇ ಬೋರ್‌ವೆಲ್ ಇದೆ ಅನ್ನೋದು ಮರೆತುಹೋಗಿದೆ.

ನನ್ನದೂ ತಪ್ಪಿದೆ, ಮುಚ್ಚಿಡಲ್ಲ. ನಮ್ಮಕ್ಕ ಕ್ಯಾನ್ಸರ್‌ನಲ್ಲಿ ಹೋದಳು. ಉಳಿದ ಮಾತ್ರೆಗಳನ್ನು ನಾನೇ ತಿಪ್ಪೆಗೆ ಸುರಿದೆ, ಆ ಗೊಬ್ಬರ ರಾಗಿ ಹೊಲಕ್ಕೆ ಹೋಯಿತು. ಗಂಟು ಕರಗಿಸೋ ಔಷಧಿ ಒಳ್ಳೇ ಮೈಯನ್ನೂ ಸುಡುತ್ತೆ, ವಾಪಸ್ ತಂದುಕೊಡಿ ಅಂತ ಆಸ್ಪತ್ರೆಯೋರು ಒಂದು ಮಾತು ಹೇಳಿದ್ದರೆ ಬಸ್ಸಿನಲ್ಲಿ ಒಯ್ಯುತ್ತಿದ್ದೆ.

ಒಂದು ಚೂರು ಔಷಧಿ ಏನು ಮಾಡೀತು ಅನ್ನಬೇಡಿ. ದನಕ್ಕೆ ಹಾಕಿದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು ರಣಹದ್ದುಗಳ ಸಂತತಿಯನ್ನೇ ತೆಗೀತು. 2006ರಲ್ಲಿ ದನಕ್ಕೆ ಅದನ್ನು ನಿಷೇಧಿಸೋ ಹೊತ್ತಿಗೆ ಹದ್ದುಗಳು ಬಹುಪಾಲು ಹೋಗಿದ್ದವು.

ಶಿಬಿರದೋರು ಈ ಸಲವೂ ಪದಕ್ಕೆ ಕರೆದಿದ್ದಾರೆ. “ಹಳದಿ ಚೀಲ, ಬಿಳಿ ಡಬ್ಬಿ ತರ್ತೀರಾ, ಹೋಗುವಾಗ ಹೊತ್ಕೊಂಡು ಹೋಗ್ತೀರಾ?” ಅಂತ ಕೇಳಿ ಕಳಿಸಿದ್ದೀನಿ. ಉತ್ತರ ಬಂದಿಲ್ಲ. ತಮಟೆ ಗೂಟದಲ್ಲೇ ಇದೆ.