ಸೋಬಾನೆ ಪದಕ್ಕೆ ಸ್ಟುಡಿಯೋ ಏಕೆ?

ಮನೆಯಲ್ಲಿ ರೆಕಾರ್ಡಿಂಗ್ ಎಂದರೆ ಮೊದಲು ಆಡಿಯೋ ಇಂಟರ್‌ಫೇಸ್ ಕೊಳ್ಳಿ ಎನ್ನುವ ಉಪದೇಶವನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಲ್ಯಾಪ್‌ಟಾಪ್ ಬೇಕು, ಬೇರೆ ಮೈಕು ಬೇಕು, ಸದ್ದಿಲ್ಲದ ಕೋಣೆ ಬೇಕು. ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಸೋಬಾನೆ ಹಾಡುವ ಅಜ್ಜಿಯರು ಒಟ್ಟಿಗೆ ಕೂತು, ಒಬ್ಬರು ಹೇಳಿದ ಸೊಲ್ಲನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಒಬ್ಬೊಬ್ಬರನ್ನೇ ಮೈಕಿನ ಮುಂದೆ ಕೂರಿಸಿದರೆ ಹಾಡೇ ಕೆಡುತ್ತದೆ. ಅಲ್ಲಿಗೆ ಬ್ಯಾಟರಿಯಲ್ಲಿ ನಡೆಯುವ, ಮೈಕು ಒಳಗೇ ಇರುವ ಪುಟ್ಟ ರೆಕಾರ್ಡರ್ ಸಾಕು. 24 ಬಿಟ್, 48 ಕಿಲೋಹರ್ಟ್ಸ್‌ನ ಸ್ಟೀರಿಯೋ ವೇವ್ ಫೈಲಿಗೆ ಗಂಟೆಗೆ ಸುಮಾರು 1 ಜಿಬಿ ಹಿಡಿಯುತ್ತದೆ. 192 ಕಿಲೋಹರ್ಟ್ಸ್ ಬೇಕೆನ್ನುವವರು ಮೊದಲು ತಲೆ ಮೇಲಿನ ಫ್ಯಾನ್ ಆರಿಸಲಿ. ಹಾಡಿದವರ ಹೆಸರು, ಊರು, ದಿನಾಂಕವನ್ನು ಅವರ ಬಾಯಲ್ಲೇ ಹೇಳಿಸಿ. ಇಂಟರ್‌ಫೇಸ್ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ. 80 ದಾಟಿದ ಅಜ್ಜಿಯ ಬಗ್ಗೆ ಹಾಗೆ ಹೇಳಲಾಗದು.