ಬಂಜೆತನದ ಹೊರೆ ಯಾರ ತಲೆಯ ಮೇಲೆ?

ಬಿತ್ತಿದ ರಾಗಿ ಹುಟ್ಟಲಿಲ್ಲವೆಂದರೆ ನಮ್ಮ ಕುಣಿಗಲ್ ಸೀಮೆಯ ರೈತನು ಹೊಲವನ್ನಷ್ಟೇ ಬಯ್ದು ಸುಮ್ಮನಾಗುವುದಿಲ್ಲ. ಮಿಕ್ಕ ಬೀಜದಲ್ಲಿ ಒಂದು ಹಿಡಿಯನ್ನು ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಕಾಳು ಮೊಳೆಯಿತೆಂದು ನೋಡುತ್ತಾನೆ. ಕುಣಿಗಲ್ ಟಿಪ್ಪುವಿನ ಕಾಲದಿಂದ ಕುದುರೆಯ ತಳಿಗೆ ಹೆಸರಾದ ಊರು. ಹೆಣ್ಣುಕುದುರೆ ಗಬ್ಬವಾಗದಿದ್ದರೆ ಗಂಡುಕುದುರೆಯನ್ನೂ ಪರೀಕ್ಷಿಸಬೇಕೆಂಬುದು ತಳಿ ಸಾಕುವವರಿಗೆ ಹೊಸ ಮಾತಲ್ಲ. ಹೊಲದಲ್ಲಿಯೂ ಲಾಯದಲ್ಲಿಯೂ ಇಷ್ಟು ವಿವೇಕವುಳ್ಳ ನಾವು ಮನೆಯೊಳಗೆ ಬರುವಾಗ ಮಾತ್ರ ಆ ವಿವೇಕವನ್ನು ಹೊಸಿಲಿನ ಆಚೆಗೇ ಬಿಟ್ಟುಬಿಡುತ್ತೇವೆ. ಮದುವೆಯಾಗಿ ಮೂರು ವರುಷವಾದರೂ ಮಗುವಾಗಲಿಲ್ಲವೆಂದರೆ ಹರಕೆ ಹೊರುವವಳು ಹೆಂಡತಿ, ಔಷಧ ಕುಡಿಯುವವಳು ಹೆಂಡತಿ, ಮಾತು ಕೇಳುವವಳೂ ಹೆಂಡತಿ. ‘ಬಂಜೆ’ ಎಂಬ ಪದಕ್ಕೆ ನಮ್ಮ ಆಡುಮಾತಿನಲ್ಲಿ ಪುಲ್ಲಿಂಗವೇ ಇಲ್ಲ. ಗಂಡಸಿಗೆಂದು ಇರುವುದು ಒಂದು ಬೈಗುಳ ಮಾತ್ರ; ಅದರ ಅರ್ಥವೂ ಬೇರೆ.

ಈ ವಿಷಯವನ್ನು ಕಾಲೇಜಿನ ಪತ್ರಿಕೆಯಲ್ಲಿ ಎತ್ತಬಹುದೇ ಎಂದು ಕೆಲವು ಮಿತ್ರರು ಶಂಕಿಸಿದರು. ಬರೆಯದೆ ಇರಲಾರದ ಕಾರಣವೊಂದು ನನಗುಂಟು. ನಮ್ಮ ವಂಶದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮೆಟ್ಟಿಲು ಹತ್ತುವಾಗ ಫೀಜಿಗೆ ಹಣ ಕೊಟ್ಟವರು ನನ್ನ ದೊಡ್ಡಪ್ಪನ ಮಗ. ಬುತ್ತಿ ಕಟ್ಟಿಕೊಟ್ಟವರು ಅತ್ತಿಗೆ. ಅವರಿಗೆ ಮದುವೆಯಾಗಿ ಒಂಬತ್ತು ವರುಷ, ಮಕ್ಕಳಿಲ್ಲ. ಬಳಗದ ಸೀಮಂತಗಳಲ್ಲಿ ಅತ್ತಿಗೆ ಅಡಿಗೆಮನೆ ಬಿಟ್ಟು ಹೊರಗೆ ಬಂದುದನ್ನು ನಾನು ಕಂಡಿಲ್ಲ. ಬರಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ, ಬಾ ಎಂದು ಕರೆದವರೂ ಅಲ್ಲ.

ಆರನೆಯ ವರುಷದಲ್ಲಿ ಯಾರೋ ಹೇಳಿದರೆಂದು ಅಣ್ಣನೂ ಪರೀಕ್ಷೆ ಮಾಡಿಸಿಕೊಂಡರು. ವೀರ್ಯದಲ್ಲಿ ವೀರ್ಯಾಣುವೇ ಇಲ್ಲವೆಂದು ಬಂತು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ, ಶಸ್ತ್ರಕ್ರಿಯೆ ಮಾಡಿ ವೃಷಣದೊಳಗಿಂದಲೇ ವೀರ್ಯಾಣು ಹುಡುಕಿ ತೆಗೆಯಬಹುದೆಂದರು. ಅರ್ಧ ಎಕರೆ ಜಮೀನು ಮಾರಾಟವಾಯಿತು. ಒಮ್ಮೆ ಹುಡುಕಿದರು, ಸಿಕ್ಕಲಿಲ್ಲ. ಇನ್ನೊಮ್ಮೆ ಹುಡುಕಿದರು, ಸಿಕ್ಕಲಿಲ್ಲ. ಕೊನೆಗೆ ಬೇರೊಂದು ಕಡೆಯ ವೈದ್ಯೆಯೊಬ್ಬರು, “ನಿಮ್ಮ ವರ್ಣತಂತುಗಳ ಪರೀಕ್ಷೆ ಮಾಡಿಸಿದ್ದೀರಾ?” ಎಂದು ಕೇಳಿದರಂತೆ. ಹಾಗೆಂದರೇನೆಂದೇ ಅಣ್ಣನಿಗೆ ತಿಳಿಯದು. ರಕ್ತ ಕೊಟ್ಟು ಬಂದರು. ಗಂಡಸಿಗೆ ಮಾತ್ರ ಇರುವ ವೈ ವರ್ಣತಂತುವಿನಲ್ಲಿ ಒಂದು ಭಾಗವೇ ಬಿಟ್ಟುಹೋಗಿರುವುದೂ, ಆ ಭಾಗವಿಲ್ಲದವರಲ್ಲಿ ಎಷ್ಟು ಹುಡುಕಿದರೂ ವೀರ್ಯಾಣು ಸಿಕ್ಕುವ ಆಸೆ ಇಲ್ಲವೆಂಬುದೂ ಆಗ ತಿಳಿಯಿತು. “ಈ ಮಾತು ಮೊದಲೇ ಹೇಳಿದ್ರೆ ಅರ್ಧ ಎಕರೆ ಉಳೀತಿತ್ತಲ್ಲೋ” ಎಂದರು ಅಣ್ಣ. ಇದನ್ನು ಬರೆಯಲು ನಾನು ಅವರಿಬ್ಬರ ಒಪ್ಪಿಗೆ ಪಡೆದಿದ್ದೇನೆ.

ನಾನು ಓದುತ್ತಿರುವುದು ಕಲಾ ವಿಭಾಗದಲ್ಲಿ. ವಿಜ್ಞಾನವನ್ನು ಕೇಳಿ, ಓದಿ ತಿಳಿದದ್ದಷ್ಟೆ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿರುವುವೆಂದು ವಿಜ್ಞಾನಿಗಳು ಸರಿಯಾಗಿ ಎಣಿಸಿದ್ದು 1956ರಲ್ಲಿ. ಅವು ಜೋಡಿಜೋಡಿಯಾಗಿ ಸರಿಹೊಂದಿದರೆ ಮಾತ್ರ ವೀರ್ಯಾಣು ಅಂಡಾಣುಗಳು ಸರಿಯಾಗಿ ಸಿದ್ಧವಾಗುವುವು. ಹೇಸರಗತ್ತೆಯನ್ನು ನೋಡಿ: ಕುದುರೆಗೆ 64, ಕತ್ತೆಗೆ 62, ಇವೆರಡಕ್ಕೆ ಹುಟ್ಟಿದ ಹೇಸರಗತ್ತೆಗೆ 63. ಅದು ತಾಯಿತಂದೆಗಳಷ್ಟೇ ಗಟ್ಟಿಮುಟ್ಟು, ಹೊರೆ ಹೊರುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೂ ಅದಕ್ಕೆ ಮರಿಯಾಗುವುದು ಅತ್ಯಪೂರ್ವ. ಮೈಯ ಬಲ ಬೇರೆ, ಸಂತಾನಶಕ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ವೀರ್ಯಾಣು ಇಲ್ಲದ ಗಂಡಸು ಗಂಡಸಲ್ಲವೆಂಬುದು ಶುದ್ಧ ಅಜ್ಞಾನ.

ಗಂಡಸರಲ್ಲಿ ಇಂಥ ಕಾರಣಗಳು ಹಲವು. ಕೆಲವರಿಗೆ ಒಂದು ಎಕ್ಸ್ ವರ್ಣತಂತು ಹೆಚ್ಚಾಗಿ 47 ಇರುವುವು. 1942ರಲ್ಲಿ ಈ ಸ್ಥಿತಿಯನ್ನು ವರ್ಣಿಸಿದ ಕ್ಲೈನ್‌ಫೆಲ್ಟರ್ ಎಂಬ ವೈದ್ಯರ ಹೆಸರೇ ಅದಕ್ಕೆ ನಿಂತಿದೆ; ಕಾರಣ ತಿಳಿದದ್ದು 1959ರಲ್ಲಿ. ಐನೂರರಿಂದ ಸಾವಿರ ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಇರುವುದಂತೆ. ಬಹುಮಂದಿಗೆ ಜೀವಮಾನವಿಡೀ ತಿಳಿಯುವುದೇ ಇಲ್ಲ. ತಿಳಿದರೆ ಮುಂದೆ ಬರಬಹುದಾದ ಮೂಳೆಯ ಸವಕಳಿ, ಸಕ್ಕರೆ ಕಾಯಿಲೆಗಳ ವಿಷಯದಲ್ಲಿಯೂ ಎಚ್ಚರವಾಗಿರಬಹುದು. ಇನ್ನು ಕೆಲವರಿಗೆ ವೈ ವರ್ಣತಂತುವಿನ ತುಣುಕು ಇರುವುದಿಲ್ಲ. 1976ರಲ್ಲಿ ಇಟಲಿಯ ವಿಜ್ಞಾನಿಗಳು ಇದನ್ನು ಕಂಡರು. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯವರು ನಮ್ಮ ದೇಶದ ಗಂಡಸರಲ್ಲಿಯೂ ಈ ವಿಷಯವಾಗಿ ಸಂಶೋಧನೆ ನಡೆಸಿದ್ದಾರೆ. ಮತ್ತೆ ಕೆಲವರಿಗೆ ವೀರ್ಯನಾಳವೇ ಹುಟ್ಟಿನಿಂದ ಇರುವುದಿಲ್ಲ. ಎಲ್ಲ ಗಂಡಸರ ತೊಂದರೆಯೂ ವಂಶವಾಹಿಯಿಂದ ಬಂದುದಲ್ಲ; ಮಂಗನಬಾವು ವೃಷಣಕ್ಕೆ ಇಳಿದುದರಿಂದ, ರಕ್ತನಾಳ ಉಬ್ಬಿದುದರಿಂದ, ಧೂಮಪಾನದಿಂದ ಆಗುವುದೂ ಉಂಟು. ಯಾವುದೆಂದು ಪರೀಕ್ಷಿಸದೆ ತಿಳಿಯುವುದು ಹೇಗೆ?

1992ರಿಂದೀಚೆಗೆ ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಮಗು ಪಡೆಯುವ ವಿಧಾನ ಬಂದಿದೆ. ಅದು ದೊಡ್ಡ ವರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರಕೃತಿ ಮುಚ್ಚಿದ್ದ ಬಾಗಿಲನ್ನು ತೆರೆದಾಗ, ಮಗುವಿನೊಡನೆ ಆ ದೋಷವೂ ಒಳಗೆ ಬರಬಹುದು. ತಂದೆಯ ವೈ ವರ್ಣತಂತುವಿನ ಕೊರತೆ ಗಂಡುಮಗುವಿಗೆ ಹಾಗೆಯೇ ಬರುವುದು. ವೀರ್ಯನಾಳವಿಲ್ಲದವನ ಹೆಂಡತಿಯೂ ಅದೇ ವಂಶವಾಹಿಯ ದೋಷವನ್ನು ಹೊತ್ತಿದ್ದರೆ, ಮಗುವಿಗೆ ಶ್ವಾಸಕೋಶದ ಕಠಿಣ ಕಾಯಿಲೆ ತಗಲಬಹುದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ, ಒಂದೇ ಅಜ್ಜನಿಂದ ಇಬ್ಬರಿಗೂ ಅದು ಇಳಿದಿರುವ ಸಂಭವ ಹೆಚ್ಚಲ್ಲವೇ?

ಆನುವಂಶಿಕ ಸಮಾಲೋಚನೆಯ ಅಗತ್ಯವಿರುವುದು ಇಲ್ಲಿಯೇ. ಅದನ್ನು ತಿಳಿದವರೊಬ್ಬರು ಗಂಡಹೆಂಡಿರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ವಂಶದ ವಿವರ ಕೇಳಿ, ಯಾವ ಪರೀಕ್ಷೆ ಏಕೆಂದು ಹೇಳಿ, ಫಲಿತಾಂಶವನ್ನು ಅರ್ಥವಾಗುವ ಮಾತಿನಲ್ಲಿ ಬಿಡಿಸುತ್ತಾರೆ. ಮಗುವಿಗೆ ಏನು ಬರಬಹುದು, ಖರ್ಚಿಗೆ ತಕ್ಕ ಫಲವುಂಟೆ, ದಾನಿಯ ವೀರ್ಯ, ದತ್ತು, ಇಬ್ಬರೇ ಇದ್ದು ಬಾಳುವುದು—ಎಲ್ಲ ದಾರಿಗಳನ್ನೂ ತೋರಿಸುತ್ತಾರೆ. ಆಯ್ಕೆ ಮಾತ್ರ ದಂಪತಿಗಳದು. ಅಣ್ಣ ಅತ್ತಿಗೆಯರೊಡನೆ ಹೀಗೆ ಒಬ್ಬರು ಕನ್ನಡದಲ್ಲಿಯೇ ಒಂದು ಗಂಟೆ ಮಾತನಾಡಿದರಂತೆ. ಒಂಬತ್ತು ವರುಷದಲ್ಲಿ ಆ ಒಂದು ಗಂಟೆಗೆ ಮಾತ್ರ ಹಣ ಕೊಟ್ಟದ್ದು ಸಾರ್ಥಕವೆಂದು ಅತ್ತಿಗೆ ಹೇಳುತ್ತಾರೆ.

“ತಿಳಿದು ಆಗುವುದೇನು? ಹೆಂಗಸಿನ ಮೇಲಿದ್ದ ಕಳಂಕ ಗಂಡಸಿನ ಮೇಲೆ ಬಿದ್ದಂತಾಯಿತಷ್ಟೆ” ಎನ್ನುವವರುಂಟು. ಈ ಆಕ್ಷೇಪಣೆಯಲ್ಲಿ ಸತ್ಯದ ಅಂಶವಿಲ್ಲದಿಲ್ಲ. ಆದುದರಿಂದಲೇ ಇಂಥ ಮಾತು ಗುಟ್ಟಾಗಿ, ಗೌರವದಿಂದ ನಡೆಯಬೇಕು. ಆದರೆ ತಾನು ಆರಿಸಿಕೊಳ್ಳದ ವರ್ಣತಂತುವಿಗೆ ಯಾರೂ ಅಪರಾಧಿಯಲ್ಲವೆಂದು ತಿಳಿಸುವುದೇ ಆ ಸಮಾಲೋಚನೆಯ ಮೊದಲ ಪಾಠ. ಕಳಂಕವನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ವರ್ಗಾಯಿಸುವುದು ನನ್ನ ಉದ್ದೇಶವಲ್ಲ, ಇಳಿಸಿಬಿಡುವುದು. ವಂಶವೆಂದರೆ ರಕ್ತವೇ ಎಂಬ ಹಟಕ್ಕೆ ಉತ್ತರವಾಗಿ ಭೈರಪ್ಪನವರ ‘ವಂಶವೃಕ್ಷ’ವೇ (1965) ನಮ್ಮ ಮುಂದಿದೆ: ವಂಶಕ್ಕಾಗಿ ಬದುಕನ್ನೇ ತೆತ್ತ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ಸಂಗತಿ ತಿಳಿದುದು ಮುಪ್ಪಿನಲ್ಲಿ!

2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾಯಿದೆಯಂತೆ, ದಂಪತಿಗಳಿಗೆ ಚಿಕಿತ್ಸೆಯ ಪರಿಣಾಮಗಳನ್ನೂ ಫಲಿಸುವ ಸಂಭವವನ್ನೂ ತಿಳಿಸಿ ಸಮಾಲೋಚನೆ ನಡೆಸುವುದು ಆಸ್ಪತ್ರೆಗಳ ಕರ್ತವ್ಯ. ಕಾಗದದಲ್ಲಿರುವ ಕರ್ತವ್ಯವು ಕೇಳುವವರಿಲ್ಲದೆ ನಡೆಯದು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಸಂಸ್ಥೆಗಳು ಇವೆ. ಆದರೆ ದುರ್ಗದ ಬಸ್ಸು ಹತ್ತುವ ರೈತನಿಗೆ ಅವುಗಳ ದಾರಿ ಹೇಳುವವರು ಯಾರು? ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ವಾರಕ್ಕೊಂದು ದಿನವಾದರೂ ಕನ್ನಡ ಬಲ್ಲ ಸಮಾಲೋಚಕರು ಕೂರಬೇಕು. ಹೆಂಡತಿಯ ಪರೀಕ್ಷೆಯೊಡನೆ ಗಂಡನದೂ ಆಗಬೇಕು. ವೀರ್ಯಾಣು ಇಲ್ಲವೆಂದು ಕಂಡರೆ ಶಸ್ತ್ರಕ್ರಿಯೆಗೆ ಮೊದಲು ವರ್ಣತಂತುವಿನ ಪರೀಕ್ಷೆಯಾಗಬೇಕು. ನಾವು ವಿದ್ಯಾರ್ಥಿಗಳು ಇಷ್ಟನ್ನಾದರೂ ನಮ್ಮ ನಮ್ಮ ಹಟ್ಟಿಗಳಲ್ಲಿ ಹೇಳಬಾರದೇ?

ಕಳೆದ ಯುಗಾದಿಯಂದು ಮನೆಯವರೆಲ್ಲ ಊಟಕ್ಕೆ ಕುಳಿತಿದ್ದಾಗ ದೊಡ್ಡವ್ವ ಎಂದಿನಂತೆ ಅತ್ತಿಗೆಯ ಕಡೆ ನೋಡಿ ಒಂದು ಮಾತು ಆಡಿದರು. ಅಣ್ಣ ತುತ್ತು ಕೆಳಗಿಟ್ಟು, “ಅವ್ವ, ಅವಳಲ್ಲಿ ಏನೂ ಐಬಿಲ್ಲ. ಇರೋದು ನನ್ನಲ್ಲಿ. ಡಾಕ್ಟ್ರು ಹೇಳವ್ರೆ. ಇನ್ನೊಂದ್ಸಲ ಅವಳಿಗೆ ಅನ್ಬೇಡ” ಎಂದರು. ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದೊಡ್ಡವ್ವ ತಾವೇ ಎದ್ದು ಅತ್ತಿಗೆಯ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದರು. ನಾನು ಕಂಡ ಗಂಡಸುತನಗಳಲ್ಲಿ ಅಣ್ಣನ ಆ ಮಾತು ದೊಡ್ಡದು.